ರೈಲ್ವೆ ಮಾವನ ಜೊತೆ ಕಡಲುಂಡಿಗೆ

ಮೊದಲನೇ ದಿನ: ಅಮ್ಮತ್ತಿ, ವಿರಾಜಪೇಟೆ, ಮಾಕುಟ್ಟ

"ಈ ಮಳೆಗೆ ಯಾರಾದರೂ ಮಾಕುಟ್ಟ ಇಳೀತಾರಾ?" ಎಂದು ಅತ್ತೆ ಮೂರನೇ ಸಲ ಕೇಳುವ ಹೊತ್ತಿಗೆ ಮಾವ ಕೊಡೆ ಬಿಡಿಸಿ ಅಂಗಳಕ್ಕೆ ಇಳಿದಾಗಿತ್ತು. ಅತ್ತೆ ಇನ್ನೇನೂ ಹೇಳದೆ ಒಳಗೆ ಹೋಗಿ ಅಕ್ಕಿರೊಟ್ಟಿ, ಕಣಿಲೆ ಪಲ್ಯ ಕಟ್ಟಿದ ಬಾಳೆಲೆ ಪೊಟ್ಟಣವನ್ನು ನನ್ನ ಚೀಲಕ್ಕೆ ತುರುಕಿದರು. "ಮಗಾ, ಅಲ್ಲಿ ಹೊಳೆ ಹತ್ತಿರ ಇವರ ಕೈ ಬಿಡಬೇಡ" ಅಂದರು. ಎಪ್ಪತ್ತು ದಾಟಿದ ಮಾವನಿಗೆ ಮಂಡಿನೋವು. ಅತ್ತೆ ಹೇಳಿದ್ದು ಮಂಡಿಯ ವಿಷಯ ಮಾತ್ರ ಅಲ್ಲ ಎಂದು ನನಗೆ ಗೊತ್ತಿತ್ತು.

ಕೊಡಗಿನಲ್ಲಿ ರೈಲಿಲ್ಲ. ಇಡೀ ಜಿಲ್ಲೆಯಲ್ಲಿ ಒಂದು ಗಜ ಹಳಿಯೂ ಇಲ್ಲ. ಕುಶಾಲನಗರದವರಿಗೆ ರೈಲು ಅಂದರೆ ಮೈಸೂರು, ಶನಿವಾರಸಂತೆಯವರಿಗೆ ಹಾಸನ, ಸಂಪಾಜೆ ಕಡೆಯವರಿಗೆ ಮಂಗಳೂರು. ವಿರಾಜಪೇಟೆ ಸುತ್ತಿನ ನಮಗೆ ತಲಶ್ಶೇರಿ. ಎಂಬತ್ತು ಕಿಲೋಮೀಟರಿನ ಆಸುಪಾಸು. ಒಂದು ಕಾಲದಲ್ಲಿ ನಮ್ಮವರು ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಹೋಗಿ ಉಪ್ಪು ತರುತ್ತಿದ್ದದ್ದು ಇದೇ ಮಲೆಯಾಳದ ಕಡೆಯಿಂದ. ಕಾಫಿ, ಕರಿಮೆಣಸು ಕಡಲಿಗೆ ಇಳಿದದ್ದೂ ಈ ಕಡೆಗೇ. ಈಗಲೂ ವಿರಾಜಪೇಟೆ ಸಂತೆಗೆ ಮೀನು ಹತ್ತಿ ಬರುವುದು ಈ ಮಾಕುಟ್ಟ ಘಾಟಿಯಲ್ಲೇ.

ಇಂಥ ಊರಿನಿಂದ ಒಬ್ಬರು ರೈಲ್ವೆ ಕೆಲಸಕ್ಕೆ ಹೋದರೆ ಅವರ ಹೆಸರೇ ಬದಲಾಗುತ್ತದೆ. ನನ್ನ ಸೋದರಮಾವ ಪಾಲಕ್ಕಾಡ್ ವಿಭಾಗದಲ್ಲಿ ಹಳಿ ದುರಸ್ತಿಯ ಗ್ಯಾಂಗ್‌ಮನ್ ಆಗಿ ಸೇರಿದರು, ಆಮೇಲೆ ದಿನವೂ ಹಳಿ ನಡೆದು ನೋಡುವ ಕೀಮ್ಯಾನ್ ಆದರು. ಮನೆಯ ಮಕ್ಕಳಿಗೆ ಅವರು ರೈಲ್ವೆ ಮಾವ. ಊರಿಗೆ ಅವರ ವಿಳಾಸ ಒಂದೇ, ಕೇರಳದ ಕಲ್ಲಿಕೋಟೆ ಹತ್ತಿರದ ಕಡಲುಂಡಿ. 1983ರಿಂದ ನಾಲ್ಕು ವರ್ಷ ಅವರು ಅಲ್ಲಿದ್ದರು. ಮೊದಲ ಕಾಗದಗಳು, ಮೊದಲ ಮನಿಯಾರ್ಡರುಗಳು ಬಂದದ್ದು ಅಲ್ಲಿಂದ. ಆಮೇಲೆ ಎಲ್ಲೆಲ್ಲಿಗೋ ವರ್ಗವಾದರೂ ಅಮ್ಮತ್ತಿ ಕಡೆಯವರು ಅಜ್ಜಿಯನ್ನು ಕೇಳುತ್ತಿದ್ದದ್ದು "ಮಗ ಕಡಲುಂಡಿಯಿಂದ ಯಾವಾಗ ಬರ್ತಾನೆ?" ಎಂದೇ.

ಹಾಗಾಗಿಯೇ 2001ರ ಜೂನ್ 22ರ ರಾತ್ರಿ ನಮ್ಮ ಅಂಗಳ ಜನರಿಂದ ತುಂಬಿತು.

ಅಂದು ಶುಕ್ರವಾರ. ನಾನಾಗ ಹೈಸ್ಕೂಲಿನಲ್ಲಿದ್ದೆ, ಶಾಲೆ ಶುರುವಾಗಿ ಮೂರು ವಾರ. ನಾಲ್ಕು ದಿನದಿಂದ ಕರೆಂಟಿರಲಿಲ್ಲ. ಪಕ್ಕದ ತೋಟದ ಬಂಗಲೆಯ ಫೋನಿನಲ್ಲಿ ಗೊರಗೊರ ಸದ್ದು ಬಿಟ್ಟರೆ ಇನ್ನೇನೂ ಕೇಳುತ್ತಿರಲಿಲ್ಲ. ತಲಶ್ಶೇರಿಯಿಂದ ಬರುವ ಕಡೆಯ ಬಸ್ಸಿನಲ್ಲಿ ಇಳಿದವರು ಯಾರೋ ವಿರಾಜಪೇಟೆಯಲ್ಲಿ ಹೇಳಿದ್ದರು, ಮದ್ರಾಸ್ ಮೇಲ್ ಹೊಳೆಗೆ ಬಿತ್ತಂತೆ, ಕಡಲುಂಡಿಯಲ್ಲಂತೆ. ಆ ಮಾತು ಜೀಪು ಹತ್ತಿ ಅಮ್ಮತ್ತಿಗೆ ಬರುವಷ್ಟರಲ್ಲಿ "ಕಡಲುಂಡಿ" ಎಂಬ ಒಂದೇ ಶಬ್ದ ಉಳಿದಿತ್ತು. ಬ್ಯಾಟರಿ, ಗ್ಯಾಸ್‌ಲೈಟು ಹಿಡಿದು ಜನ ಬಂದರು. ಅಜ್ಜಿ ಜಗಲಿಯಲ್ಲಿ ಕಂಬ ಹಿಡಿದು ಕೂತರು. ಮಾವ ಆಗ ಇದ್ದದ್ದು ಅಲ್ಲಿಂದ ಬಹಳ ಉತ್ತರಕ್ಕೆ, ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಕಡೆ. ಅತ್ತೆಗೆ ಅದು ಗೊತ್ತು. ನೂರು ಸಲ ಹೇಳಿದರು. ಬಂದವರಲ್ಲಿ ಯಾರೂ ನಂಬಲಿಲ್ಲ. ಕಡೆಗೆ ಅತ್ತೆಗೂ ತಮ್ಮ ಮಾತಿನ ಮೇಲೆ ನಂಬಿಕೆ ಹೋಯಿತು. ಕೆಲಸದ ಮೇಲೆ ಎಲ್ಲಿಗೆ ಬೇಕಾದರೂ ಕರೆಸಿರಬಹುದಲ್ಲ?

ಮೂರನೇ ದಿನ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಅದರಲ್ಲಿದ್ದದ್ದು ಎರಡೇ ಸಾಲು. ನಾನು ಚೆನ್ನಾಗಿದ್ದೇನೆ. ನಮ್ಮ ಹಳೇ ಸೇತುವೆ ಹೋಯಿತು.

"ನಮ್ಮ ಹಳೇ ಸೇತುವೆ" ಎಂಬ ಆ ಮಾತು ಇಷ್ಟು ವರ್ಷ ನನ್ನ ತಲೆಯಲ್ಲಿ ಕೂತಿತ್ತು. ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ಮಾವ ಅದರ ಬಗ್ಗೆ ಬಾಯಿ ಬಿಟ್ಟವರಲ್ಲ. ಈ ವರ್ಷ ಜೂನ್ ಮಳೆ ಹಿಡಿದ ಮೇಲೆ ತಾವೇ ಕೇಳಿದರು: "ಒಂದ್ಸಲ ಹೋಗಿ ಬರೋಣವಾ? ಮಳೆಯಲ್ಲೇ ನೋಡಬೇಕು." ಕಾಫಿ ಕೊಯ್ಲು ಮುಗಿದ ಮೇಲೆ ಹೋಗಬಹುದಲ್ಲ ಎಂದರೆ, ಆಗ ಹೊಳೆ ಬೇರೆ ಇರುತ್ತದೆ ಎಂದರು.

ವಿರಾಜಪೇಟೆಯಲ್ಲಿ ಬಸ್ಸು ಹತ್ತಿದೆವು. ಪೆರುಂಬಾಡಿ ದಾಟಿದ ಕೂಡಲೇ ಕಾಡು ಮೈಮೇಲೆ ಬಂದಂತಾಗುತ್ತದೆ. ಎಡಕ್ಕೂ ಬಲಕ್ಕೂ ನೀರು ಬಂಡೆಯಿಂದ ನೇರ ರಸ್ತೆಗೆ ಸುರಿಯುತ್ತಿತ್ತು. 2018ರ ಜೂನ್‌ನಲ್ಲಿ ಈ ರಸ್ತೆ ಅಲ್ಲಲ್ಲಿ ಕುಸಿದು ವಾರಗಟ್ಟಲೆ ಮುಚ್ಚಿತ್ತು. ಅದೇ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಇಳಿದವು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಹಳಿಯ ಮೇಲೂ ಸಿರಿಬಾಗಿಲು ಬಳಿ ಮಣ್ಣು ಬಿದ್ದು ಓಡಾಟ ನಿಂತಿತ್ತು. ಮಾವ ಕಿಟಕಿಗೆ ಮುಖ ಹಚ್ಚಿ ಪ್ರತಿ ಮೋರಿ ಬಂದಾಗಲೂ ಕತ್ತು ಬಗ್ಗಿಸಿ ಕೆಳಗೆ ನೋಡುತ್ತಿದ್ದರು. ಹಿಂದಿನ ಸೀಟಿನ ಒಬ್ಬರು ಮೈಸೂರಿನಿಂದ ಕುಶಾಲನಗರಕ್ಕೆ 87 ಕಿಲೋಮೀಟರ್ ರೈಲು ಬರುತ್ತದಂತಲ್ಲ, ತಲಶ್ಶೇರಿಗೂ ಹಾಕಿಬಿಟ್ಟರೆ ಈ ಕಷ್ಟವೇ ಇರುವುದಿಲ್ಲ ಎಂದು ಮಾತು ತೆಗೆದರು. ರೈಲು ಬೇಕು ಅನ್ನುವವರು, ಕಾಡು ಹೋಗುತ್ತದೆ ಬೇಡ ಅನ್ನುವವರು ನಮ್ಮಲ್ಲಿ ಎರಡೂ ಕಡೆ ಗಟ್ಟಿ ದನಿಯವರೇ. ಬಸ್ಸಿನಲ್ಲೂ ಹಾಗೇ ಆಯಿತು. ಮಾವ ಮಾತಾಡಲಿಲ್ಲ. ತುಂಬ ಹೊತ್ತಿನ ಮೇಲೆ ನನಗೆ ಮಾತ್ರ ಕೇಳುವಂತೆ, "ಹಳಿ ಹಾಕೋದು ಒಂದ್ಸಲದ ಕೆಲಸ. ನೋಡ್ಕೊಳ್ಳೋದು ದಿನಾ ಇರುತ್ತೆ" ಅಂದರು.

ಕೂಟುಪುಳ ದಾಟಿ, ಇರಿಟ್ಟಿಯಲ್ಲಿ ಬ್ರಿಟಿಷರ ಕಾಲದ ಕಬ್ಬಿಣದ ಸೇತುವೆ ಕಂಡಾಗ ಮಾವನ ಮುಖ ಅರಳಿತು. ತಲಶ್ಶೇರಿಯಲ್ಲಿ ಸ್ಟೇಷನ್ ಹತ್ತಿರವೇ ಕೋಣೆ ಹಿಡಿದೆವು. ರಾತ್ರಿಯಿಡೀ ರೈಲುಗಳ ಸದ್ದು. ನನಗೆ ನಿದ್ದೆ ಬರಲಿಲ್ಲ, ಅವರು ಮಗುವಿನಂತೆ ಮಲಗಿದ್ದರು.

ಎರಡನೇ ದಿನ: ಕಡಲುಂಡಿ

ಬೆಳಗ್ಗೆ ಪ್ಯಾಸೆಂಜರ್ ಹತ್ತಿದೆವು. ಮೇಲ್‌ಗಳು ಕಡಲುಂಡಿಯಲ್ಲಿ ನಿಲ್ಲುವುದಿಲ್ಲ. ಕಲ್ಲಿಕೋಟೆ ದಾಟಿ, ಫರೂಕಿನಲ್ಲಿ ಚಾಲಿಯಾರ್ ಹೊಳೆ ದಾಟಿದರೆ ಮುಂದಿನದೇ ಅದು. ಕಲ್ಲಿಕೋಟೆಗೆ ಕೆಲಸಕ್ಕೂ ಕಾಲೇಜಿಗೂ ಹೋಗಿ ಸಂಜೆ ಮರಳುವವರ ಸ್ಟೇಷನ್. ಹಾಗಾಗಿ ಬೆಳಗಿನ ಹೊತ್ತು ಎದುರು ದಿಕ್ಕಿನ ಗಾಡಿಗೆ ಜನ ತುಂಬಿದ್ದರು. ನಾವು ಇಳಿದ ಗಾಡಿಯಿಂದ ಇಳಿದವರು ಹತ್ತು ಮಂದಿ ಇರಬಹುದು.

ಮಾವ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೊದಲು ನೋಡಿದ್ದು ಹಳಿಯನ್ನು. "ಆಗ ಒಂದೇ ಹಳಿ ಇತ್ತು" ಅಂದರು. ಈಗ ಜೋಡಿ ಮಾರ್ಗ, ಮೇಲೆ ವಿದ್ಯುತ್ ತಂತಿ, ಹಳಿಯಡಿ ಸಿಮೆಂಟಿನ ಸ್ಲೀಪರು. ಅವರ ಕಾಲದ ಕೀಗಳು ಈಗ ಇಲ್ಲ. ಹಳಿಯನ್ನು ಬಿಗಿಹಿಡಿದು ಕೂರಿಸುತ್ತಿದ್ದ ಕಬ್ಬಿಣದ ಬೆಣೆಗೆ ಕೀ ಎಂದು ಹೆಸರು. ಗಾಡಿ ಓಡಿದಂತೆ ಆ ಬೆಣೆ ಸಡಿಲವಾಗುತ್ತದೆ. ಬೆಳಗಾಗುತ್ತಿದ್ದಂತೆ ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಚೀಲದಲ್ಲಿ ಸ್ಪ್ಯಾನರು, ಕೆಂಪು ಹಸಿರು ಬಾವುಟ, ಡಬ್ಬಿಯಲ್ಲಿ ಪಟಾಕಿ ಹಿಡಿದು ಹೊರಡಬೇಕು. ಹೋಗುವಾಗ ಒಂದು ಹಳಿ ನೋಡುವುದು, ಬರುವಾಗ ಇನ್ನೊಂದು. ಸಡಿಲ ಕಂಡರೆ ಹೊಡೆದು ಕೂರಿಸುವುದು, ಹಳಿಯ ತುಂಡುಗಳನ್ನು ಜೋಡಿಸುವ ಫಿಷ್‌ಪ್ಲೇಟಿನ ಬೋಲ್ಟು ಬಿಗಿಯುವುದು.

ಪಟಾಕಿ ಅಂದರೆ ನಮ್ಮ ದೀಪಾವಳಿಯದ್ದಲ್ಲ. ಮುಂದೆ ಹಳಿ ಮುರಿದಿದೆ ಎಂದು ಗೊತ್ತಾದರೆ ಕೀಮ್ಯಾನ್ ಬಾವುಟ ನೆಟ್ಟು, ಬರುವ ಗಾಡಿಯ ಎದುರು ಓಡುತ್ತಾನೆ. 600 ಮೀಟರಿನಲ್ಲಿ ಒಂದು ಪಟಾಕಿ ಹಳಿಗೆ ಕಟ್ಟುತ್ತಾನೆ, 1200 ಮೀಟರಿನಲ್ಲಿ ಹತ್ತು ಹತ್ತು ಮೀಟರ್ ಬಿಟ್ಟು ಮೂರು. ಇಂಜಿನ್ನಿನ ಗಾಲಿ ಅದರ ಮೇಲೆ ಹತ್ತಿದರೆ ಸಿಡಿಯುತ್ತದೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. ಮಳೆಗಾಲದಲ್ಲಿ ರಾತ್ರಿಯೂ ಗಸ್ತು ಉಂಟು. ಒಬ್ಬ ಈ ಕಡೆಯಿಂದ, ಒಬ್ಬ ಆ ಕಡೆಯಿಂದ ಲಾಟೀನು ಹಿಡಿದು ನಡೆದು, ನಡುವೆ ಸಿಕ್ಕಿ, ತಮ್ಮ ಪುಸ್ತಕ ಬದಲಾಯಿಸಿಕೊಂಡು ಹಿಂದಿರುಗಬೇಕು. ಪುಸ್ತಕ ಬದಲಾಯಿತು ಅಂದರೆ ಅಷ್ಟು ದೂರದ ಹಳಿಯನ್ನು ಮನುಷ್ಯ ಕಾಲಲ್ಲಿ ನಡೆದು ನೋಡಿದ್ದಾನೆ ಎಂದರ್ಥ. ಇದನ್ನೆಲ್ಲ ಮಾವ ನನಗೆ ಹೇಳಿದ್ದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಅತ್ತೆ ಕಟ್ಟಿಕೊಟ್ಟ ಒಣಗಿದ ಅಕ್ಕಿರೊಟ್ಟಿ ಮುರಿಯುತ್ತಾ. ನಮಗೆ ರೈಲು ಅಂದರೆ ಟಿಕೆಟು, ಕಿಟಕಿ, ಚಹಾ. ಅವರು ಮೂವತ್ತು ವರ್ಷ ಆ ರೈಲಿನ ಕಾಲಡಿ ಬದುಕಿದವರು. ಇಷ್ಟು ಹತ್ತಿರದವರ ಕೆಲಸ ಏನೆಂದು ನಾನು ಯಾವತ್ತೂ ಕೇಳಿರಲಿಲ್ಲ ಎಂಬುದು ನನಗೆ ಅಲ್ಲಿ ನಿಜವಾಗಿಯೂ ನೋವಾಯಿತು.

ಸ್ಟೇಷನ್ನಿನ ಹೊರಗೆ ಮಾವ ಹುಡುಕಿದ್ದು ಒಂದು ಚಹಾದಂಗಡಿ. ಹಳೆಯದು ಇರಲಿಲ್ಲ. ಅದೇ ಜಾಗದ ಪಕ್ಕ ಇನ್ನೊಂದಿತ್ತು. ಮಾವನ ಮಲೆಯಾಳಕ್ಕೆ ಕೊಡಗಿನ ರಾಗ ಇದೆ, ಅಂಗಡಿಯವರು ಕೂಡಲೇ ಗುರುತು ಹಿಡಿದು "ಕೂರ್ಗಾ?" ಎಂದರು. ಹಿಂದೆ ಇಲ್ಲಿ ಕೀಮ್ಯಾನ್ ಆಗಿದ್ದೆ ಎಂದು ಹೇಳಿದ್ದೇ ತಡ, ಒಳಗಿನಿಂದ ಅವರ ತಂದೆ ಎದ್ದು ಬಂದರು. ಮಾವನಷ್ಟೇ ವಯಸ್ಸು. ಮುಖ ನೋಡಿದರು, ನೆನಪಾಗಲಿಲ್ಲ. ಅವರಿಗೆ ನೆನಪಾದದ್ದು ಮಾವ ಸಾಕಿದ್ದ ನಾಯಿ. ಗಸ್ತಿಗೆ ಹೋಗುವಾಗ ಹಿಂದೆ ಬರುತ್ತಿದ್ದ ಕೆಂದು ನಾಯಿ! ಅಲ್ಲಿಂದ ಮಾತು ಬಿಚ್ಚಿಕೊಂಡಿತು.

ಆ ಸ್ಟೇಷನ್ ಆಗ ಊರಿನ ಗಡಿಯಾರದ ಹಾಗಿತ್ತಂತೆ. ಯಾವ ಗಾಡಿಗೆ ಮೀನಿನ ಬುಟ್ಟಿ ಹೊತ್ತ ಹೆಂಗಸರು ಹತ್ತುತ್ತಾರೆ, ಯಾವುದಕ್ಕೆ ಹಂಚಿನ ಕಾರ್ಖಾನೆಯ ಆಳುಗಳು ಫರೂಕಿಗೆ ಹೋಗುತ್ತಾರೆ, ಯಾವ ಗಾಡಿ ದಾಟಿದ ಮೇಲೆ ಅನ್ನಕ್ಕೆ ಅಕ್ಕಿ ಹಾಕಬೇಕು, ಎಲ್ಲ ರೈಲಿನ ಲೆಕ್ಕದಲ್ಲೇ. ಮದ್ರಾಸ್ ಮೇಲ್ ನಿಲ್ಲದೆ ಸಂಜೆ ದಾಟಿದರೆ ಮಕ್ಕಳು ಆಟ ಬಿಟ್ಟು ಮನೆಗೆ ಹೊರಡುವ ಹೊತ್ತು.

2001ರ ಆ ಸಂಜೆಯೂ ಐದು ದಾಟಿದ ಮೇಲೆ ಅದು ಬಂತು. ಮಂಗಳೂರಿನಿಂದ ಹೊರಟ 6602 ನಂಬರಿನ ಗಾಡಿ. ಸ್ಟೇಷನ್ ದಾಟಿ ಹೊಳೆಯ ಮೇಲೆ ಹೋಗುವಾಗ ಸೇತುವೆ ಕುಸಿದು ಬೋಗಿಗಳು ನೀರಿಗೆ ಬಿದ್ದವು. ತೀರಿಕೊಂಡವರು 52 ಜನ. ಅಂಗಡಿಯ ಅಜ್ಜನಿಗೆ ಮೊದಲು ಗುಡುಗು ಅನ್ನಿಸಿತಂತೆ. ಆಮೇಲೆ ಗುಡುಗು ನಿಲ್ಲಲಿಲ್ಲ, ಅದಕ್ಕೇ ಎದ್ದು ಓಡಿದೆ ಎಂದರು. ಮೀನಿನವರ ತೋಣಿಗಳು, ಮರಳು ತೆಗೆಯುವವರ ತೋಣಿಗಳು ಹೊಳೆಯಲ್ಲೇ ಇದ್ದದ್ದರಿಂದ ಪೊಲೀಸರು, ಅಧಿಕಾರಿಗಳು ಬರುವ ಮೊದಲೇ ಊರಿನ ಹುಡುಗರು ನೀರಿಗೆ ಇಳಿದಾಗಿತ್ತು. ಮಳೆ, ಮೇಲೆ ಕತ್ತಲು. ಕಿಟಕಿಗೆ ಸರಳು ಇರುವುದರಿಂದ ಒಳಗಿದ್ದವರನ್ನು ಎಳೆಯಲು ದಾರಿಯಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಸರಳು ಬಗ್ಗಿಸಿದರು. ಹೆಂಗಸರು ಮನೆಯಲ್ಲಿದ್ದ ಮುಂಡು, ಸೀರೆ, ಚಾದರ ಎಲ್ಲ ದಡಕ್ಕೆ ತಂದರು. ಗಾಯಾಳುಗಳನ್ನು ಸಿಕ್ಕ ಸಿಕ್ಕ ಜೀಪು, ಲಾರಿಗಳಲ್ಲಿ ಹಾಕಿ ಕಲ್ಲಿಕೋಟೆಗೆ ಕಳಿಸಿದರು. ಅಜ್ಜ ಇದನ್ನು ಹೇಳಿದ್ದು ದೊಡ್ಡ ದನಿಯಲ್ಲಲ್ಲ. ಗ್ಲಾಸು ತೊಳೆಯುತ್ತಾ, ನಡುವೆ ಗಿರಾಕಿಗೆ ಚಿಲ್ಲರೆ ಕೊಡುತ್ತಾ ಹೇಳಿದರು. ಒಂದು ಕಡೆ ಮಾತ್ರ ನಿಲ್ಲಿಸಿದರು. ತಾನು ತೋಣಿಗೆ ಎತ್ತಿದ ಒಬ್ಬ ಹುಡುಗನ ಕೈಯಲ್ಲಿ ಟಿಕೆಟು ಹಾಗೇ ಮಡಚಿಕೊಂಡಿತ್ತು ಎಂದರು. ಆ ಹುಡುಗ ಉಳಿದನೇ ಎಂದು ನಾನು ಕೇಳಲಿಲ್ಲ. ಮಾವನೂ ಕೇಳಲಿಲ್ಲ.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಹೊಳೆಯ ಹತ್ತಿರ ಹೋದೆವು. ಕಡಲುಂಡಿ ಹೊಳೆ ಅಲ್ಲೇ ಅರಬ್ಬೀ ಸಮುದ್ರ ಸೇರುತ್ತದೆ. ಕಾಂಡ್ಲಾ ಗಿಡಗಳ ಹಸಿರು ದಟ್ಟವಾಗಿ ಹಬ್ಬಿದೆ. ಕಡಲುಂಡಿ–ವಳ್ಳಿಕ್ಕುನ್ನು ಕೇರಳದ ಮೊದಲ ಸಮುದಾಯ ಮೀಸಲು ಪ್ರದೇಶ, 2007ರಿಂದ. ಚಳಿಗಾಲದಲ್ಲಿ ಇಳಿತದ ಹೊತ್ತು ಕೆಸರು ದಿಬ್ಬದ ತುಂಬ ದೂರದೇಶದ ಹಕ್ಕಿಗಳು ಕೂರುತ್ತವೆ. ಜೂನಿನಲ್ಲಿ ಅವು ಇಲ್ಲ. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಮೊಣಕಾಲುದ್ದ ನೀರಲ್ಲಿ ಇಬ್ಬರು ಚಿಪ್ಪು ಹೆಕ್ಕುತ್ತಿದ್ದರು.

ಸೇತುವೆ ಈಗ ಹೊಸದು, ಗಟ್ಟಿ ಕಾಂಕ್ರೀಟಿನದು. ಅದರ ಮೇಲೆ ನಡೆಯಲು ಬಿಡುವುದಿಲ್ಲ, ಬಿಡಲೂಬಾರದು. ದಡದಲ್ಲೇ ಒಂದು ತೆಂಗಿನ ಮರದ ಬುಡದಲ್ಲಿ ನಿಂತೆವು. ಮಾವ ಕೊಡೆಯನ್ನು ಊರುಗೋಲು ಮಾಡಿಕೊಂಡು ನೀರನ್ನೇ ನೋಡುತ್ತಿದ್ದರು.

ಹಳೆಯ ಸೇತುವೆಗೆ ಆಗ 140 ವರ್ಷ. ಕೇರಳದ ಮೊದಲ ರೈಲು ಓಡಿದ 1861ರ ಮಾರ್ಗ ಈ ಹೊಳೆ ದಾಟಿಯೇ ಹೋಗುತ್ತಿತ್ತು. ಕಲ್ಲಿನ ಕಂಬಗಳಲ್ಲ, ಕಬ್ಬಿಣದವು, ತುದಿಯಲ್ಲಿ ಅಗಲವಾದ ತಿರುಪಿನ ಹಲಗೆ. ಇಂಥ ಕಂಬಕ್ಕೆ ಪೇಟೆಂಟ್ ಪಡೆದದ್ದು 1833ರಲ್ಲಿ ಅಲೆಕ್ಸಾಂಡರ್ ಮಿಚೆಲ್ ಎಂಬ ಐರಿಷ್ ಇಂಜಿನಿಯರ್. ಗಟ್ಟಿ ನೆಲ ಸಿಗದ ಕೆಸರಿನಲ್ಲಿ ದೀಪಸ್ತಂಭ ನಿಲ್ಲಿಸಲು ಅವರು ಕಂಡುಕೊಂಡ ದಾರಿ ಇದು. ಮೇಲೆ ಅಡ್ಡಮರ ಕಟ್ಟಿ ಆಳುಗಳು ಗಾಣದ ಹಾಗೆ ಸುತ್ತಿದರೆ ಕಂಬ ತಿರುಗುತ್ತಾ ತಳಕ್ಕೆ ಇಳಿಯುತ್ತದೆ. ಮಿಚೆಲ್ ಯೌವನದಲ್ಲೇ ಕಣ್ಣು ಕಳೆದುಕೊಂಡವರು, ಬೆರಳಲ್ಲಿ ಮುಟ್ಟಿ ನೋಡಿಯೇ ಕೆಲಸ ಮಾಡಿದವರು. ಇದನ್ನು ಮಾವನಿಗೆ ಹೇಳಿದಾಗ ಅವರು ನನ್ನ ಕಡೆ ತಿರುಗಿದರು. "ಕಣ್ಣಿಲ್ಲದವರಾ?" ಎಂದು ಎರಡು ಸಲ ಕೇಳಿದರು.

ಆಮೇಲೆ ಅವರಾಗಿಯೇ ಮಾತಾಡಿದರು.

"ನಾಲ್ಕು ವರ್ಷ, ದಿನಕ್ಕೆ ಎರಡು ಸಲ ದಾಟಿದೀನಿ ಮಗಾ. ಮರದ ಸ್ಲೀಪರು, ಹುಕ್ ಬೋಲ್ಟು, ಒಂದೊಂದೂ ಕೈಯಲ್ಲಿ ಮುಟ್ಟಿದೀನಿ. ನಡುವೆ ಗಾಡಿ ಬಂದರೆ ಪಕ್ಕಕ್ಕೆ ನಿಲ್ಲೋಕೆ ಕಬ್ಬಿಣದ ತಟ್ಟೆ ಇರ್ತಿತ್ತು. ಅದರ ಮೇಲೆ ನಿಂತರೆ ಕಾಲಡಿ ಇಡೀ ಸೇತುವೆ ನಡುಗೋದು ಗೊತ್ತಾಗ್ತಿತ್ತು. ಸೇತುವೆ ಅಂದಮೇಲೆ ನಡುಗಬೇಕು, ಅದು ತಪ್ಪಲ್ಲ. ಆ ಸುದ್ದಿ ಬಂದ ರಾತ್ರಿ ನಾನು ಗಸ್ತಿನಲ್ಲಿದ್ದೆ. ಚೆರುವತ್ತೂರು ಕಡೆ ನಮ್ಮ ಬೀಟಿನಲ್ಲಿ ಒಂದು ಸಣ್ಣ ಸೇತುವೆ. ಅದರ ಮೇಲೆ ಹೋದೆ, ಬಂದೆ, ಮತ್ತೆ ಹೋದೆ. ಲಾಟೀನು ಹಿಡಿದು ಬಗ್ಗಿ ನೋಡಿದರೆ ಕೆಳಗೆ ಕರೀ ನೀರು ಮಾತ್ರ. ಅವತ್ತು ಗೊತ್ತಾಯ್ತು, ನಾವು ನೋಡೋದು ಮೇಲಿನದ್ದು. ಕಂಬ ಇಳಿದಿದ್ದು ಕೆಳಗೆ."

ಮಳೆಯಲ್ಲಿ ಒಂದು ಕಂಬ ಹೊಳೆಯ ತಳಕ್ಕೆ ಇಳಿದುಹೋದದ್ದೇ ಕಾರಣ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮಾವ ಅಲ್ಲಿಂದ ವರ್ಗವಾಗಿ ಆಗಲೇ ಹದಿನಾಲ್ಕು ವರ್ಷ. ನಿಮ್ಮದೇನೂ ಇಲ್ಲ ಮಾವ ಎಂದೆ. ಹೇಳಬಾರದಿತ್ತು. "ನನ್ನದು ಅಂತ ಯಾರು ಅಂದರು?" ಎಂದರು, ಸಿಟ್ಟಿನಲ್ಲಲ್ಲ. "ಮುಟ್ಟಿದ್ದು ನಾನಲ್ವಾ."

ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ಗಾಡಿ ಬಂತು. ಉದ್ದದ ಗಾಡಿ. ಮಾವ ಕೊಡೆ ಬಿಟ್ಟು ನೆಟ್ಟಗೆ ನಿಂತರು. ಇಂಜಿನ್ನಿನಿಂದ ಕಡೆಯ ಬೋಗಿಯವರೆಗೂ ಕಣ್ಣು ಗಾಲಿಗಳ ಮೇಲೆ. ಕಡೆಯ ಬೋಗಿ ಆ ದಡ ಮುಟ್ಟಿದ ಮೇಲೆ ಬಲಗೈ ಮೇಲೆತ್ತಿ ಹಸಿರು ಬಾವುಟ ತೋರಿಸುವವರ ಹಾಗೆ ಹಿಡಿದರು. ಗಾರ್ಡ್ ನೋಡಿದರೋ ಇಲ್ಲವೋ. ಚಿಪ್ಪು ಹೆಕ್ಕುತ್ತಿದ್ದವರು ನೋಡಿದರು.

ಅತ್ತೆ ಹೇಳಿದಂತೆ ನಾನು ಅವರ ಇನ್ನೊಂದು ಕೈ ಹಿಡಿದುಕೊಂಡಿದ್ದೆ.

ಮೂರನೇ ದಿನ: ಬೇಪೂರು, ಚಾಲಿಯಂ

ರಾತ್ರಿ ಕಲ್ಲಿಕೋಟೆಯಲ್ಲಿ ತಂಗಿದ್ದೆವು. ಬೆಳಗ್ಗೆ ಮಳೆ ಪೂರ್ತಿ ಬಿಟ್ಟಿತ್ತು. ಬಸ್ಸಿನಲ್ಲಿ ಬೇಪೂರಿಗೆ ಹೋಗಿ, ಅಲ್ಲಿಂದ ವಾಹನವನ್ನೂ ಜನರನ್ನೂ ದಾಟಿಸುವ ಜಂಕಾರಿನಲ್ಲಿ ಚಾಲಿಯಾರ್ ಹೊಳೆ ದಾಟಿದೆವು. ಬೈಕು, ಆಟೋ, ಶಾಲೆಯ ಮಕ್ಕಳು ಎಲ್ಲ ಒಂದೇ ಹಲಗೆಯ ಮೇಲೆ. ಆ ದಡ ಚಾಲಿಯಂ.

1861ರ ಮಾರ್ಚ್ 12ರಂದು ತಿರೂರಿನಿಂದ ಹೊರಟ ಮೊದಲ ರೈಲು ಬಂದು ನಿಂತದ್ದು ಇಲ್ಲಿ. ಬೇಪೂರು ಸ್ಟೇಷನ್ ಎಂದು ಹೆಸರು, ಜಾಗ ಈ ಕಡೆಯ ಚಾಲಿಯಂ. ಕಲ್ಲಿಕೋಟೆಗೆ ಹೋಗುವವರು ಇಲ್ಲಿ ಇಳಿದು ಹೊಳೆ ದಾಟಬೇಕಿತ್ತು. 1888ರಲ್ಲಿ ಮಾರ್ಗ ನೇರ ಕಲ್ಲಿಕೋಟೆಗೆ ಹೋಯಿತು. ಚಾಲಿಯಂ ಪಕ್ಕಕ್ಕೆ ಉಳಿಯಿತು. ಅಲ್ಲಿಂದ ಮಂಗಳೂರು ಮುಟ್ಟಲು ಹಳಿಗೆ 1907ರವರೆಗೆ ಸಮಯ ಬೇಕಾಯಿತು.

ನಾವು ಅಲ್ಲಿ ಒಂದು ಗಂಟೆ ಸುತ್ತಿದೆವು. ಹಳಿ ಎಲ್ಲೂ ಇಲ್ಲ. ಮನೆ, ಮಸೀದಿ, ಮೀನು ಒಣಗಿಸುವ ಜಾಗ, ತೆಂಗು. ರೈಲೇ ಕಾಣದ ಜಿಲ್ಲೆಯಿಂದ ಬಂದ ನನಗೆ, ರೈಲು ಬಂದು ಹೋದ ಊರು ನೋಡಿ ಮನಸ್ಸು ಭಾರವಾಯಿತು. ಮಾವನಿಗೆ ಹಾಗೇನೂ ಅನ್ನಿಸಿದಂತಿರಲಿಲ್ಲ. ಕಲ್ಲುಮ್ಮಕಾಯಿ ಎಂಬ ಚಿಪ್ಪು ಹುರಿದದ್ದನ್ನು ಎರಡು ತಟ್ಟೆ ತಿಂದರು. ಅತ್ತೆಗೆ ಹಲ್ವ ಕೊಳ್ಳಲು ಮರೆಯಬೇಡ ಎಂದು ನೆನಪಿಸಿದರು. ನಿನ್ನೆಯ ಭಾರ ಇಳಿದಿತ್ತೋ ಏನೋ, ತಲಶ್ಶೇರಿಯ ಗಾಡಿಯಲ್ಲಿ ಕೂತ ಮೇಲೆ ಪೆರುಮಣ್ ಮಾತು ತೆಗೆದರು. 1988ರ ಜುಲೈ 8ರಂದು ನಮ್ಮ ಬೆಂಗಳೂರಿನಿಂದ ಹೋದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಹತ್ತಿರ ಅಷ್ಟಮುಡಿ ಹಿನ್ನೀರಿಗೆ ಬಿತ್ತು, 105 ಜನ ಹೋದರು. ಅದಕ್ಕೆ ಸುಂಟರಗಾಳಿ ಕಾರಣ ಎಂದು ವರದಿ ಹೇಳಿತು, ಅಲ್ಲಿಯ ಜನ ಇಂದಿಗೂ ಒಪ್ಪುವುದಿಲ್ಲ. ಕೊಚ್ಚಿಯ ವಿಲಿಂಗ್ಡನ್ ದ್ವೀಪಕ್ಕೆ ಓಡುತ್ತಿದ್ದ ಗಾಡಿಯಾದ್ದರಿಂದ ಐಲ್ಯಾಂಡ್ ಎಂಬ ಹೆಸರು. ಮಾವ ಕಡಲುಂಡಿ ಬಿಟ್ಟು ಒಂದು ವರ್ಷವಾಗಿತ್ತಷ್ಟೆ. ಆ ಸಲವೂ ಅಮ್ಮತ್ತಿಯಲ್ಲಿ ಒಬ್ಬರಿಬ್ಬರು ಮನೆಗೆ ಬಂದು ವಿಚಾರಿಸಿದ್ದರಂತೆ. ಎಲ್ಲಿ ರೈಲು ಬಿದ್ದರೂ ಅಜ್ಜಿಯ ಜಗಲಿಗೆ ಜನ ಬರುತ್ತಿದ್ದರು. ಊರಿಗೆಲ್ಲ ಇದ್ದದ್ದು ಅವರೊಬ್ಬರೇ ರೈಲ್ವೆಯವರು.

ನಾಲ್ಕನೇ ದಿನ: ಮತ್ತೆ ಮಾಕುಟ್ಟ

ತಲಶ್ಶೇರಿಯಿಂದ ಬೆಳಗಿನ ಬಸ್ಸು. ಇರಿಟ್ಟಿ ದಾಟುವವರೆಗೆ ಬಿಸಿಲಿತ್ತು, ಕೂಟುಪುಳದಲ್ಲಿ ಮೋಡ, ಘಾಟಿ ಹತ್ತುವಾಗ ಎದುರಿನ ರಸ್ತೆಯೇ ಕಾಣದಷ್ಟು ಮಳೆ. ಬಾರಪೊಳೆ ಕೆಳಗೆ ಭೋರ್ಗರೆಯುತ್ತಿತ್ತು. ಪೆರುಂಬಾಡಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಬಸ್ಸು ನಿಂತಿತು. ಮುಂದೆ ಮರ ಬಿದ್ದಿತ್ತು. ಕತ್ತಿ, ಗರಗಸ ಹಿಡಿದ ಜನ ಆಗಲೇ ಕೊಂಬೆ ಕಡಿಯುತ್ತಿದ್ದರು. ಇನ್ನೂ ಮುಕ್ಕಾಲು ಗಂಟೆ ಎಂದು ಕಂಡಕ್ಟರ್ ಹೇಳಿದರು.

ನಾನು ಮೊಬೈಲಿಗೆ ಸಿಗ್ನಲ್ ಹುಡುಕುತ್ತಿದ್ದೆ. ಅತ್ತೆಗೆ ಹೇಳಬೇಕಿತ್ತು, ಇಲ್ಲದಿದ್ದರೆ ಅಂದು ಅಜ್ಜಿ ಕೂತ ಹಾಗೆ ಜಗಲಿಯಲ್ಲಿ ಕಂಬ ಹಿಡಿದು ಕೂರುತ್ತಾರೆ. ತಿರುಗಿ ನೋಡಿದರೆ ಪಕ್ಕದ ಸೀಟಿನಲ್ಲಿ ಮಾವ ಇಲ್ಲ.

ಇಳಿದು ಹಿಂದಕ್ಕೆ ಓಡಿದೆ. ಬಸ್ಸು ಆಗಷ್ಟೇ ದಾಟಿ ಬಂದ ಮೋರಿಯ ಹತ್ತಿರ ಅವರ ಕೊಡೆ ರಸ್ತೆಯ ಅಂಚಿನಲ್ಲಿ ಮಲಗಿತ್ತು. ಮಾವ ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ತಡೆಗಲ್ಲು ಹಿಡಿದು ಕೆಳಗೆ ಬಗ್ಗಿದ್ದರು. ಒಂದು ಕೈಯಲ್ಲಿ ನನ್ನ ಚೀಲದಿಂದ ತೆಗೆದ ಟಾರ್ಚು.

"ಮಾವ, ಏನು ಮಾಡ್ತಿದೀರಿ?"

"ಇಲ್ಲಿ ಬಾ, ಇದನ್ನ ಹಿಡಿ. ಆ ಎಡಗಡೆ ಗೋಡೆ ಬುಡಕ್ಕೆ ಬೆಳಕು ಬಿಡು. ಇನ್ನೂ ಕೆಳಗೆ."

ನಾನು ಹಿಡಿದೆ. ಕೆಂಪು ನೀರು ಸುಳಿ ಸುತ್ತುತ್ತಾ ಗೋಡೆಯ ಬುಡಕ್ಕೆ ಹೊಡೆಯುತ್ತಿತ್ತು. ಅಲ್ಲಿ ಎರಡು ಕಲ್ಲು ಜಾಗದಲ್ಲಿರಲಿಲ್ಲ.

"ಕಂಡಕ್ಟರ್ ಹತ್ರ ಹೋಗಿ ಕಿಲೋಮೀಟರ್ ಕಲ್ಲಿನ ನಂಬರ್ ಕೇಳು," ಎಂದರು. "ವಿರಾಜಪೇಟೆಯಲ್ಲಿ ಇಳಿದ ಕೂಡಲೇ ಬರೆದು ಕೊಡಬೇಕು."